ಪರದೇಶ ವ್ಯಾಸಂಗದ ಸಾಲವೂ ಪ್ರಗತಿಯ ಕರಾರೂ

ವಿದ್ಯೆಗಾಗಿ ಸಮುದ್ರವನ್ನು ದಾಟುವುದು ಒಂದು ಕಾಲಕ್ಕೆ ಸಂಸ್ಥಾನಿಕರ ಮಕ್ಕಳಿಗೂ ದೊಡ್ಡ ವಕೀಲರ ಮಕ್ಕಳಿಗೂ ಮಾತ್ರ ಸಾಧ್ಯವಾದ ಸಂಗತಿಯಾಗಿದ್ದಿತು. ಈಗ ಹಾಗಿಲ್ಲ. ಜಮಖಂಡಿ, ಮುಧೋಳ, ಬೀಳಗಿ ತಾಲೂಕುಗಳಿಂದಲೂ ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಿಂದಲೂ ಕಬ್ಬು ಬೆಳೆಯುವವರ, ಮಗ್ಗ ನಡೆಯಿಸುವವರ, ಕನ್ನಡ ಶಾಲೆಯ ಮಾಸ್ತರರ ಮಕ್ಕಳು ಅಮೇರಿಕೆ, ಇಂಗ್ಲಂಡ, ಜರ್ಮನಿ, ಆಸ್ಟ್ರೇಲಿಯಗಳ ವಿಶ್ವವಿದ್ಯಾಲಯಗಳಿಗೆ ಹೊರಟಿದ್ದಾರೆ. ಕನ್ನಡಿಗರಾದ ನಾವು ಅಭಿಮಾನ ಪಡತಕ್ಕ ವಿಷಯವಿದು. ಆದರೆ ಇಂಥ ಮನೆಗಳ ಮಕ್ಕಳು ಹೋಗುವುದು ತಂದೆಯ ಗಂಟಿನ ಬಲದಿಂದಲ್ಲ, ಬ್ಯಾಂಕಿನ ಸಾಲದ ಬಲದಿಂದ. ಆ ಸಾಲದ ಕಾಗದದಲ್ಲಿ ಒಂದು ಕರಾರು ಇರುತ್ತದೆ. ವಿದ್ಯಾರ್ಥಿಯು ತನ್ನ ವ್ಯಾಸಂಗದ ಪ್ರಗತಿಯ ವರದಿಯನ್ನು ಕಾಲಕಾಲಕ್ಕೆ ಬ್ಯಾಂಕಿಗೆ ಒಪ್ಪಿಸತಕ್ಕದ್ದು. ಪ್ರಗತಿಯು ಸಮಾಧಾನಕರವಾಗಿದ್ದರೆ ಮಾತ್ರ ಮುಂದಿನ ಕಂತು ಬಿಡುಗಡೆಯಾಗುವುದು ಎಂಬುದೇ ಅದರ ತಾತ್ಪರ್ಯ. ಈ ಒಂದು ಸಾಲಿನ ಮೇಲೆ ಎಷ್ಟು ಮನೆಗಳ ಛಾವಣಿಯು ನಿಂತಿದೆಯೆಂಬುದನ್ನು ನಮ್ಮ ಸುಶಿಕ್ಷಿತ ವರ್ಗವು ಇನ್ನೂ ಸರಿಯಾಗಿ ಎಣಿಸಿಲ್ಲವೆಂದು ನಮಗೆ ತೋರುತ್ತದೆ.

ಕರಾರೇ ಅನ್ಯಾಯದ್ದೆಂದು ನಾವು ಹೇಳುವವರಲ್ಲ. ಸಾಲವೆಂಬುದು ದಾನವಲ್ಲ. ಬ್ಯಾಂಕಿನ ತಿಜೋರಿಯಲ್ಲಿರುವ ದುಡ್ಡು ನಮ್ಮಂಥವರೇ ಇಟ್ಟ ಠೇವಿನ ದುಡ್ಡು. ಸರಕಾರದ ನಿಗಮಗಳು ಕೊಡುವ ಹಣವು ರೈತನ, ಕೂಲಿಕಾರನ, ಅಂಗಡಿಕಾರನ ಕರದ ಹಣ. ಅದನ್ನು ತೆಗೆದುಕೊಂಡು ಹೋದವನು ಓದುತ್ತಿದ್ದಾನೆಯೋ ಇಲ್ಲವೋ ಎಂದು ಕೇಳುವ ಅಧಿಕಾರವು ಕೊಟ್ಟವರಿಗೆ ಇದ್ದೇ ಇದೆ. ಓದಿನ ಹೆಸರಿನಲ್ಲಿ ಹೋಗಿ ಎರಡು ವರ್ಷ ಊಟದ ಮನೆಯಲ್ಲಿ ತಟ್ಟೆ ತೊಳೆದು, ಪರೀಕ್ಷೆಗೆ ಕೂಡದೆ, ಮನೆಗೆ ಮಾತ್ರ ‘ಎಲ್ಲ ಚೆನ್ನಾಗಿದೆ’ ಎಂದು ಹೇಳುತ್ತ ಇದ್ದವನನ್ನು ಯಾರು ಸಮರ್ಥಿಸಿಯಾರು? ಅಮೇರಿಕೆಯಲ್ಲಿ ವಿದ್ಯಾರ್ಥಿಯು ಪಾಠದ ದಿನಗಳಲ್ಲಿ ವಾರಕ್ಕೆ 20 ತಾಸು, ಅದೂ ವಿದ್ಯಾಲಯದ ಆವರಣದೊಳಗೆ, ಕೆಲಸ ಮಾಡಬಹುದು. ಇಂಗ್ಲಂಡದಲ್ಲಿ ಪದವಿ ವ್ಯಾಸಂಗದವರಿಗೆ ಪಾಠದ ಅವಧಿಯಲ್ಲಿ ವಾರಕ್ಕೆ 20 ತಾಸು. ಆಸ್ಟ್ರೇಲಿಯದಲ್ಲಿ 2023ರ ಜುಲೈದಿಂದ ಹದಿನೈದು ದಿನಕ್ಕೆ 48 ತಾಸು. ಈ ಮಿತಿಗಳನ್ನು ಅಲ್ಲಿಯ ಸರಕಾರಗಳು ಸುಮ್ಮನೆ ಹಾಕಿಲ್ಲ. ಓದಲು ಬಂದವನು ಓದಲಿ ಎಂಬುದೇ ಅವುಗಳ ಉದ್ದೇಶ. ಅಲ್ಲಿಯ ಸರಕಾರವೇ ಹೀಗೆ ಕಣ್ಣಿಟ್ಟಿರುವಾಗ ಸಾಲ ಕೊಟ್ಟ ನಮ್ಮ ಬ್ಯಾಂಕು ಕಣ್ಣು ಮುಚ್ಚಿಕೊಂಡಿರಬೇಕೆಂದು ಹೇಳುವುದು ವಿವೇಕವಲ್ಲ.

ಮೊದಲು ಲೆಕ್ಕವನ್ನು ನೋಡೋಣ. ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ರೂಪಿಸಿ ಮುಂದೆ ತಿದ್ದುತ್ತ ಬಂದ ಮಾದರಿ ಯೋಜನೆಯ ಮೇರೆಗೆ 4 ಲಕ್ಷ ರೂಪಾಯಿಗಳ ವರೆಗಿನ ವಿದ್ಯಾಸಾಲಕ್ಕೆ ಒತ್ತೆ ಬೇಡ. 7½ ಲಕ್ಷಕ್ಕಿಂತ ಮೇಲಾದರೆ ಒತ್ತೆಯು ಬೇಕೇ ಬೇಕು. ಪರದೇಶದ ವ್ಯಾಸಂಗವು 7½ ಲಕ್ಷದಲ್ಲಿ ಮುಗಿಯುವುದೆಂಬ ಭ್ರಮೆಯು ಈಗ ಯಾರಿಗೂ ಇಲ್ಲ. ಜರ್ಮನಿಯು ಶುಲ್ಕವಿಲ್ಲದ ವಿದ್ಯೆಗೆ ಹೆಸರಾದ ದೇಶ. ಅಲ್ಲಿಗೆ ಹೋಗುವವನು ಕೂಡ, 2024ರ ಸೆಪ್ಟೆಂಬರದಿಂದ, ತಿಂಗಳಿಗೆ 992 ಯೂರೋ ಮೇರೆಗೆ ಒಂದು ವರ್ಷದ 11,904 ಯೂರೋಗಳನ್ನು ಮೊದಲೇ ಖಾತೆಯಲ್ಲಿ ಕಟ್ಟಿಟ್ಟು ತೋರಿಸಬೇಕು. ಹೀಗಾಗಿ ಒತ್ತೆಯು ತಪ್ಪಿದ್ದಲ್ಲ. ಒತ್ತೆಗೆ ಏನನ್ನು ಇಡುವುದು? ಹಲವು ಬ್ಯಾಂಕುಗಳು ಸಾಗುವಳಿಯ ಹೊಲವನ್ನು ಈ ಸಾಲಕ್ಕೆ ಒಪ್ಪುವುದಿಲ್ಲ. ಏಕೆಂದರೆ 2002ರ ಕಾಯ್ದೆಯ ಮೇರೆಗೆ, ಕೋರ್ಟಿಗೆ ಹೋಗದೆ 60 ದಿನಗಳ ನೋಟೀಸು ಕೊಟ್ಟು ಒತ್ತೆಯನ್ನು ವಶಪಡಿಸಿಕೊಳ್ಳುವ ಅಧಿಕಾರವು ಬ್ಯಾಂಕಿಗೆ ಮನೆಯ ಮೇಲೆ ದೊರೆಯುತ್ತದೆ, ಸಾಗುವಳಿಯ ಭೂಮಿಯ ಮೇಲೆ ದೊರೆಯುವುದಿಲ್ಲ. ಬೀಳಗಿಯ ಕಡೆಯಲ್ಲಂತೂ ಆಲಮಟ್ಟಿಯ ಹಿನ್ನೀರಿನ ಭಯವು ಬೇರೆ. ಮುಳುಗಡೆಯ ಪಟ್ಟಿಯಲ್ಲಿ ಸೇರಿದ ಹೊಲವನ್ನು ಒತ್ತೆಯೆಂದು ಯಾವ ಬ್ಯಾಂಕಿನವನು ಸಂತೋಷದಿಂದ ಬರೆದುಕೊಂಡಾನು? ಆದುದರಿಂದ ಒತ್ತೆಗೆ ಹೋಗುವುದು ಊರೊಳಗಿನ ಮನೆ. ಬನಹಟ್ಟಿಯಲ್ಲಿ ಆ ಮನೆಯೆಂದರೆ ಬರಿಯ ಮನೆಯಲ್ಲ. ಪಡಸಾಲೆಯಲ್ಲಿ ವಿದ್ಯುತ್ ಮಗ್ಗಗಳು ನಡೆಯುವ ಮನೆ. ವಾಸವೂ ಉದ್ಯೋಗವೂ ಒಂದೇ ಕಾಗದದ ಮೇಲೆ ಒತ್ತೆ ಬೀಳುತ್ತವೆ.

ಇಪ್ಪತ್ತು ಲಕ್ಷ ರೂಪಾಯಿಗಳ ಸಾಲವನ್ನು ಶೇಕಡಾ 10ರ ದರದಿಂದ ತೆಗೆದಿದ್ದಾನೆಂದು ಹಿಡಿಯೋಣ. ಪೂರ್ತಿ ಹಣವು ಮೊದಲೇ ಕೈಸೇರಿದರೆ ವರ್ಷದ ಬಡ್ಡಿಯು 2 ಲಕ್ಷ. ಎರಡು ವರ್ಷದ ವ್ಯಾಸಂಗ, ಆ ಮೇಲಿನ ಒಂದು ವರ್ಷದ ಅವಕಾಶ, ಇವುಗಳಲ್ಲಿ ಮರುಪಾವತಿಯು ಕಡ್ಡಾಯವಲ್ಲವಾದರೂ ಬಡ್ಡಿಯು ಮಲಗುವುದಿಲ್ಲ. ಮೂರು ವರ್ಷ ಕಳೆಯುವುದರೊಳಗೆ ಸಾಲವು 26 ಲಕ್ಷವಾಗಿರುತ್ತದೆ. ಅದನ್ನು ಹದಿನೈದು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 28,000 ರೂಪಾಯಿ ಕಂತು. ಹುಡುಗನು ಒಂದು ಅರ್ಧ ವರ್ಷದ ಪಾಠಗಳಲ್ಲಿ ನಪಾಸಾದನೆಂದರೆ, ಬಡ್ಡಿಯೊಂದೇ ಇನ್ನೂ ಒಂದು ಲಕ್ಷ. ಎರಡನೆಯ ಸಲದ ಶುಲ್ಕವೂ ಆರು ತಿಂಗಳ ಊಟ-ವಸತಿಯೂ ಬೇರೆ. ಮಗ್ಗದ ಆದಾಯದಿಂದ ಇದನ್ನು ತುಂಬುವುದು ಎಂಥ ಕೆಲಸವೆಂಬುದು ರಬಕವಿಯ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ಪ್ರಗತಿಯ ಕರಾರು ಬ್ಯಾಂಕಿನ ಹಿತಕ್ಕಷ್ಟೇ ಅಲ್ಲ, ತಂದೆಯ ಹಿತಕ್ಕೂ ಇದೆಯೆಂದು ನಾವು ನಂಬಿರುವುದು ಇದೇ ಕಾರಣದಿಂದ. ಮಗನು ಎಡವಿದ ಸುದ್ದಿಯು ಮೊದಲನೆಯ ಆರು ತಿಂಗಳಲ್ಲಿಯೇ ತಿಳಿದರೆ ಮನೆಯನ್ನು ಉಳಿಸಿಕೊಳ್ಳುವ ದಾರಿಯಿರುತ್ತದೆ. ಮೂರನೆಯ ವರ್ಷಕ್ಕೆ ತಿಳಿದರೆ ಇರುವುದಿಲ್ಲ.

ಹಾಗಾದರೆ ನಮ್ಮ ತಕರಾರು ಏನು? ಕರಾರಿನ ಮೇಲಲ್ಲ, ಅದನ್ನು ಬರೆದಿರುವ ಬಗೆಯ ಮೇಲೆ, ಅದನ್ನು ನಡೆಯಿಸುವ ಬಗೆಯ ಮೇಲೆ. ‘ಸಮಾಧಾನಕರವಾದ ಪ್ರಗತಿ’ ಎಂದರೇನು? ಎಷ್ಟು ಅಂಕ? ಎಷ್ಟು ವಿಷಯಗಳಲ್ಲಿ ಉತ್ತೀರ್ಣತೆ? ಒಂದು ಸಲ ತಪ್ಪಿದರೆ ಏನು, ಎರಡು ಸಲ ತಪ್ಪಿದರೆ ಏನು? ಮಾದರಿ ಯೋಜನೆಯಲ್ಲಿ, ನಿಗದಿತ ಕಾಲದಲ್ಲಿ ವ್ಯಾಸಂಗವು ಮುಗಿಯದಿದ್ದರೆ ಎರಡು ವರ್ಷಗಳ ವರೆಗೆ ಅವಧಿಯನ್ನು ವಿಸ್ತರಿಸಲು ಆಸ್ಪದವಿದೆ. ಆದರೆ ಇದು ಬ್ಯಾಂಕು ಒಪ್ಪಿದರೆ ದೊರೆಯುವ ಸವಲತ್ತು. ವಿದ್ಯಾರ್ಥಿಯು ಹಕ್ಕಿನಿಂದ ಕೇಳಬಹುದಾದುದಲ್ಲ. ಒಂದು ಶಾಖೆಯ ಅಧಿಕಾರಿಯು ಒಂದು ವಿಷಯದಲ್ಲಿ ಬಿದ್ದವನಿಗೂ ಕಂತು ಬಿಟ್ಟಾನು. ಅವನ ವರ್ಗವಾಗಿ ಬಂದ ಇನ್ನೊಬ್ಬನು ಅದೇ ಅಂಕಪಟ್ಟಿಯನ್ನು ಕಂಡು ಕಂತನ್ನು ತಡೆದಾನು. ಅಳತೆಯಿಲ್ಲದ ಕೋಲಿನಿಂದ ಬಟ್ಟೆಯನ್ನು ಅಳೆದರೆ ನೇಕಾರನು ಒಪ್ಪುವನೆ?

ಈ ವಿಷಯದಲ್ಲಿ ಇತರ ದೇಶಗಳು ಏನು ಮಾಡಿವೆ ನೋಡಿರಿ. ಅಮೇರಿಕೆಯ ಕೇಂದ್ರ ಸರಕಾರವು ತನ್ನ ವಿದ್ಯಾರ್ಥಿಗಳಿಗೆ ಕೊಡುವ ಸಾಲಕ್ಕೂ ಪ್ರಗತಿಯ ಕರಾರು ಇದೆ. ಆ ಸಾಲವನ್ನು ತೆಗೆದುಕೊಂಡು ಇಂಗ್ಲಂಡ ಮುಂತಾದ ಹೊರದೇಶಗಳಲ್ಲಿ ಓದುವ ಅಮೇರಿಕನ್ನರಿಗೂ ಅದೇ ಕರಾರು ಅನ್ವಯಿಸುತ್ತದೆ. ಆದರೆ ಅಲ್ಲಿ ಪ್ರತಿಯೊಂದು ವಿದ್ಯಾಲಯವೂ ತನ್ನ ನಿಯಮವನ್ನು ಬರೆದು ಪ್ರಕಟಿಸತಕ್ಕದ್ದು. ಪದವಿಯ ವ್ಯಾಸಂಗವನ್ನು ಅದರ ಗೊತ್ತಾದ ಅವಧಿಯ ಒಂದೂವರೆ ಪಟ್ಟಿನೊಳಗೆ ಮುಗಿಸಬೇಕು, ಎಂದರೆ ನಾಲ್ಕು ವರ್ಷದ್ದನ್ನು ಹೆಚ್ಚೆಂದರೆ ಆರು ವರ್ಷಕ್ಕೆ. ಅದಕ್ಕೆ ತಕ್ಕಂತೆ ಕೈಗೊಂಡ ಪಾಠಗಳಲ್ಲಿ ಸುಮಾರು ಮೂರರಲ್ಲೆರಡು ಪಾಲನ್ನು ಗೆಲ್ಲುತ್ತ ಹೋಗಬೇಕು. ವರ್ಷಕ್ಕೊಮ್ಮೆಯಾದರೂ ತಪಾಸಣೆ. ಆರು ತಿಂಗಳಿಗೊಮ್ಮೆ ತಪಾಸಣೆ ಮಾಡುವ ವಿದ್ಯಾಲಯಗಳು ಮೊದಲು ಒಂದು ಅವಧಿಯ ಮಟ್ಟಿಗೆ ಎಚ್ಚರಿಕೆಯನ್ನು ಕೊಟ್ಟು ಹಣವನ್ನು ಮುಂದುವರಿಸಬಹುದು. ಆ ಮೇಲೆಯೂ ತಪ್ಪಿದವನು, ಆಪ್ತರ ಮರಣ, ತನ್ನ ಬೇನೆ ಅಥವಾ ಗಾಯ, ಇಲ್ಲವೆ ಬೇರೆ ವಿಶೇಷ ಕಾರಣವಿದ್ದರೆ ಅಪೀಲು ಮಾಡಿಕೊಳ್ಳಬಹುದು. ಅಪೀಲು ಮಂಜೂರಾದರೆ ಮುಂದಿನ ಪಾಠಕ್ರಮವನ್ನು ಬರೆದುಕೊಟ್ಟು ಅವನನ್ನು ಪರೀಕ್ಷಾವಧಿಯಲ್ಲಿ ಇರಿಸುತ್ತಾರೆ. ಜರ್ಮನಿಯು ತನ್ನ ವಿದ್ಯಾರ್ಥಿಗಳಿಗೆ ಅರ್ಧ ದಾನ, ಅರ್ಧ ಬಡ್ಡಿಯಿಲ್ಲದ ಸಾಲವೆಂದು ಕೊಡುವ ನೆರವಿನಲ್ಲಿ ನಾಲ್ಕು ಸೆಮಿಸ್ಟರುಗಳ ವರೆಗೆ ಪ್ರಗತಿಯನ್ನು ಕೇಳುವುದೇ ಇಲ್ಲ. ಐದನೆಯದರಿಂದ ಮುಂದೆ ಮಾತ್ರ ಪ್ರಮಾಣಪತ್ರ ಬೇಕು. ಇವರೇನು ಸಾಲವನ್ನು ಹರಿದು ಬಿಟ್ಟವರಲ್ಲ. ಇವರ ನಿಯಮಗಳು ಕಟ್ಟುನಿಟ್ಟಾಗಿಯೇ ಇವೆ. ಆದರೆ ಅವು ಕಣ್ಣಿಗೆ ಕಾಣುವ ನಿಯಮಗಳು. ಎಡವಿದವನಿಗೆ ಎಲ್ಲಿ ಎಡವಿದೆನೆಂದು ತಿಳಿಯುತ್ತದೆ, ಏಳಲು ಎಷ್ಟು ಹೊತ್ತು ಇದೆಯೆಂಬುದೂ ತಿಳಿಯುತ್ತದೆ.

ಪ್ರಗತಿಯನ್ನು ದಿನಗಣನೆಯಿಂದಲೇ ಅಳೆಯುವವರಿಗೆ ನಮ್ಮ ನೆರೆಹೊರೆಯ ಒಂದು ಚರಿತ್ರೆಯನ್ನು ನೆನಪಿಸಬೇಕಾಗಿದೆ. 1913ರ ಜೂನ್ 4ರಂದು ಬಡೋದೆಯ ಸಂಸ್ಥಾನವು ಒಬ್ಬ ತರುಣನಿಂದ ಕರಾರುಪತ್ರವನ್ನು ಬರೆಸಿಕೊಂಡಿತು. ಮೂರು ವರ್ಷ ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ, ತಿಂಗಳಿಗೆ ಹನ್ನೊಂದೂವರೆ ಪೌಂಡು ವೇತನ. ಮರಳಿ ಬಂದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ. ಆ ತರುಣನೇ ಭೀಮರಾವ ಅಂಬೇಡಕರರು. 1915ರಲ್ಲಿ ಎಂ.ಎ. ಆಯಿತು. 1916ರಲ್ಲಿ ಅವರು ಲಂಡನ್ನಿಗೆ ಹೋದರು. ವೇತನದ ಅವಧಿ ಮುಗಿದುದರಿಂದ 1917ರಲ್ಲಿ ಅಲ್ಲಿಯ ಓದನ್ನು ನಡುವೆಯೇ ಬಿಟ್ಟು ಬರಬೇಕಾಯಿತು. ಸೇವೆಯ ಕರಾರನ್ನು ಪಾಲಿಸಲು ಬಡೋದೆಗೆ ಹೋದರೆ, ಅಸ್ಪೃಶ್ಯನೆಂಬ ಕಾರಣಕ್ಕೆ ಇರಲು ಮನೆಯೇ ಸಿಕ್ಕಲಿಲ್ಲ. ಕೆಲಸವನ್ನು ಬಿಟ್ಟು ಹೊರಬೀಳಬೇಕಾಯಿತು. ಕರಾರು ಮುರಿದುದು ಸಾಲಗಾರನ ದೋಷದಿಂದಲೋ, ಕೊಟ್ಟವರ ಸಮಾಜದ ದೋಷದಿಂದಲೋ? 1920ರಲ್ಲಿ ನಮ್ಮ ನೆರೆಯ ಕೊಲ್ಹಾಪುರದ ಶಾಹೂ ಮಹಾರಾಜರ ನೆರವಿನಿಂದಲೂ ಒಬ್ಬ ಪಾರ್ಸಿ ಸ್ನೇಹಿತರಿಂದ ಪಡೆದ ಸಾಲದಿಂದಲೂ ಅವರು ಮತ್ತೆ ಲಂಡನ್ನಿಗೆ ಹೋದರು. ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಪ್ರಬಂಧವನ್ನು 1923ರಲ್ಲಿ ಪರೀಕ್ಷಕರು ಮೊದಲ ಸಲಕ್ಕೆ ಒಪ್ಪದೆ ತಿದ್ದಿ ತರಲು ಹೇಳಿದರು. ಅದೇ ವರ್ಷ ತಿದ್ದಿ ಒಪ್ಪಿಸಿದ ಮೇಲೆ ಡಿ.ಎಸ್‌ಸಿ. ದೊರೆಯಿತು. ಕೊಲಂಬಿಯಾದ ಪಿಎಚ್.ಡಿ. ವಿಧಿಪೂರ್ವಕವಾಗಿ ಕೈಗೆ ಬಂದದ್ದು 1927ರಲ್ಲಿ, ಹೊರಟು ಹದಿನಾಲ್ಕು ವರ್ಷಗಳಾದ ಮೇಲೆ. ಇಂದಿನ ಯಾವನಾದರೂ ಗುಮಾಸ್ತನ ಮುಂದೆ ಈ ಕಾಗದಗಳನ್ನು ಇಟ್ಟರೆ, ‘ಪ್ರಗತಿಯು ಸಮಾಧಾನಕರವಾಗಿಲ್ಲ’ ಎಂದು ಬರೆದು ಕಂತನ್ನು ನಿಲ್ಲಿಸುವನೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆ ಕಂತು ನಿಂತಿದ್ದರೆ ದೇಶವು ಏನನ್ನು ಕಳೆದುಕೊಳ್ಳುತ್ತಿತ್ತೆಂಬುದನ್ನು ನಮ್ಮ ಸಂವಿಧಾನವನ್ನು ಓದಿದವರು ಬಲ್ಲರು.

ಇನ್ನೂ ಹಿಂದಕ್ಕೆ ಹೋದರೆ ಮುಧೋಳದ ಬಳೆಗಾರರ ಮನೆಯ ಹುಡುಗನೊಬ್ಬನು ವಿದ್ಯೆಗಾಗಿ ಊರು ಬಿಟ್ಟು ದಕ್ಷಿಣದ ಗಂಗರ ನಾಡಿಗೆ ಹೋದುದು ಕಾಣುತ್ತದೆ. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾದರು. ಚಾವುಂಡರಾಯನು ಆಶ್ರಯ ಕೊಟ್ಟನು. ಹುಡುಗನು ರನ್ನನಾಗಿ, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾಗಿ ಮೆರೆದನು. ಚಾವುಂಡರಾಯನು ಅವನಿಂದ ಆರಾರು ತಿಂಗಳಿಗೆ ವರದಿ ಬರೆಸಿಕೊಂಡನೆಂದು ಯಾವ ಶಾಸನವೂ ಹೇಳುವುದಿಲ್ಲ. ಆದರೆ ಗುರುವಿನ ಕಣ್ಣು ಶಿಷ್ಯನ ಮೇಲೆ ಇದ್ದೇ ಇದ್ದಿರಬೇಕು. ನಮ್ಮ ಇಂದಿನ ವ್ಯವಸ್ಥೆಯಲ್ಲಿ ವರದಿಯು ಇದೆ, ಕಣ್ಣು ಇಲ್ಲ.

ಕಣ್ಣು ಇಲ್ಲವೆಂದು ನಾವು ಹೇಳುವುದಕ್ಕೆ ಮುಖ್ಯವಾದ ಕಾರಣವು ಭಾಷೆ. ಸಾಲದ ಕಾಗದವು ಇಂಗ್ಲೀಷಿನಲ್ಲಿ ಹತ್ತಾರು ಪುಟಗಳಿರುತ್ತದೆ. ಅದಕ್ಕೆ ಸಹಸಾಲಗಾರನೆಂದು ಸಹಿ ಮಾಡುವವನು ತಂದೆ. ಎಷ್ಟೋ ಮನೆಗಳಲ್ಲಿ ಕನ್ನಡ ಏಳನೆಯ ಇಯತ್ತೆಯನ್ನು ಕಲಿತವನು, ಕೆಲವು ಕಡೆ ತಾಯಿಯು ಹೆಬ್ಬೆಟ್ಟು ಒತ್ತುವವಳು. ಯಾವ ಪುಟದಲ್ಲಿ ಪ್ರಗತಿಯ ಕರಾರು ಇದೆ, ಯಾವುದರಲ್ಲಿ ಮನೆಯ ಒತ್ತೆ ಇದೆ ಎಂಬುದು ಅವರಿಗೆ ತಿಳಿಯುವುದಿಲ್ಲ. ಮಗನು ತಿಳಿಸಿದಷ್ಟೇ ಅವರಿಗೆ ಗೊತ್ತು. ಪ್ರಗತಿಯ ವರದಿಯೂ ಮಗನಿಂದ ಬ್ಯಾಂಕಿಗೆ ಹೋಗುತ್ತದೆ; ತಂದೆಗೆ ಬರುವುದಿಲ್ಲ. ಮನೆಯನ್ನೇ ಒತ್ತೆಯಿಟ್ಟವನಿಗೆ ತನ್ನ ಮಗನ ಅಂಕಪಟ್ಟಿಯನ್ನು ತನ್ನ ಭಾಷೆಯಲ್ಲಿ ಓದುವ ಅಧಿಕಾರವಿಲ್ಲವೆಂದರೆ, 1956ರ ನವೆಂಬರ 1ರಂದು ನಾವು ಪಡೆದುದಾದರೂ ಏನು? ನಕಾಶೆಯ ಮೇಲಿನ ಗೆರೆಯನ್ನು ಅಳಿಸುವುದಷ್ಟೇ ಏಕೀಕರಣವಲ್ಲ. ಕನ್ನಡಿಗನ ಮನೆಯ ಭಾಗ್ಯವನ್ನು ನಿರ್ಣಯಿಸುವ ಕಾಗದವು ಕನ್ನಡದಲ್ಲಿರಬೇಕೆಂಬುದು ಆ ಚಳವಳಿಯ ಪ್ರಾಣವಾಗಿತ್ತು. ಅಂದಿನ ಮೊಡಿಲಿಪಿಯ ದಫ್ತರಗಳ ಮುಂದೆ ಕೈಮುಗಿದು ನಿಲ್ಲುತ್ತಿದ್ದ ರೈತನ ಮೊಮ್ಮಗನು ಇಂದು ಇಂಗ್ಲೀಷ ದಸ್ತಾವೇಜಿನ ಮುಂದೆ ಹಾಗೆಯೇ ನಿಂತಿದ್ದಾನೆ.

ನಮ್ಮ ಈ ನಾಲ್ಕು ಊರುಗಳಿಗೆ ಹಂಚಿಹೋಗುವುದೆಂದರೇನೆಂಬುದು ಚೆನ್ನಾಗಿ ಗೊತ್ತಿದೆ. ಜಮಖಂಡಿಯು ಪಟವರ್ಧನರದು, ಮುಧೋಳವು ಘೋರ್ಪಡೆಯವರದು, ರಬಕವಿಯು ಸಾಂಗಲಿಯದು, ಬೀಳಗಿಯು ಬ್ರಿಟಿಶರ ವಿಜಾಪುರ ಜಿಲ್ಲೆಯದು. ಒಂದು ಹರದಾರಿಯ ದಾರಿಗೆ ಎರಡು ಸರಕಾರ. ಸಂಸ್ಥಾನಗಳು 1948ರ ಮಾರ್ಚದಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ವರೆಗೆ ನಡೆದ ಆಟವಿದು. ವಿದ್ಯೆಯ ವಿಷಯದಲ್ಲಿ ಆದ ಹಾನಿಯನ್ನು ಇಂದಿನವರು ಮರೆತಿದ್ದಾರೆ. 1916ರಲ್ಲಿ ಪುಣೆಯಲ್ಲಿ ಹುಟ್ಟಿದ ಒಂದು ಕಾಲೇಜಿಗೆ ಜಮಖಂಡಿಯ ಅರಸರು ದೊಡ್ಡ ದೇಣಿಗೆಯನ್ನು ಕೊಟ್ಟರು. ಆ ಕಾಲೇಜು ಇಂದಿಗೂ ಸರ್ ಪರಶುರಾಮಭಾವೂ ಎಂಬ ಹೆಸರನ್ನು ಧರಿಸಿ ಮೆರೆಯುತ್ತಿದೆ. ನಮಗೆ ಆ ಕಾಲೇಜಿನ ಮೇಲೆ ದ್ವೇಷವಿಲ್ಲ. ಅದು ಒಳ್ಳೆಯ ಕೆಲಸವನ್ನೇ ಮಾಡಿದೆ. ಆದರೆ ಆ ಹಣವನ್ನು ತೆತ್ತ ಕನ್ನಡ ರೈತನ ಮಗನಿಗೆ ಜಮಖಂಡಿಯಲ್ಲಿ ಕಾಲೇಜು ಇರಲಿಲ್ಲ. ಸಾವಳಗಿಯ ಬಸಪ್ಪ ದಾನಪ್ಪ ಜತ್ತಿಯವರು, ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳೂ ಭಾರತದ ಉಪರಾಷ್ಟ್ರಪತಿಗಳೂ ಆದವರು, ಪದವಿಯನ್ನೂ ಕಾಯ್ದೆಯ ವಿದ್ಯೆಯನ್ನೂ ಕೊಲ್ಹಾಪುರಕ್ಕೆ ಹೋಗಿ ಕಲಿಯಬೇಕಾಯಿತು. ಇದಕ್ಕೆ ಪ್ರತಿಯಾಗಿ ಶಿರಸಂಗಿಯ ಲಿಂಗರಾಜರನ್ನು ನೆನೆಯಿರಿ: 1906ರಲ್ಲಿ ತೀರಿಹೋಗುವಾಗ ತಮ್ಮ ಆಸ್ತಿಯನ್ನೆಲ್ಲ ವಿದ್ಯಾರ್ಥಿಗಳಿಗಾಗಿ ಬಿಟ್ಟು ಹೋದರು. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಹುಟ್ಟಿದ್ದೂ ಅದೇ ವರ್ಷ. ಅರಮನೆಗಳು ಮಾಡದ ಕೆಲಸವನ್ನು ಜನರು ಮಾಡಿದರು. ಗೋಕಾವಿ ತಾಲೂಕಿನ ಮಮದಾಪುರದ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ಗಣಿತದ ರ‍್ಯಾಂಗ್ಲರರಾಗಿ ಮರಳಿದುದೂ, ಮುಂದೆ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಯಿಸಿದುದೂ ಆ ಕಾಲದ ಹುರುಪಿನ ಫಲ.

ಇಂದು ಅರಸರಿಲ್ಲ, ನಮ್ಮದೇ ಸರಕಾರವಿದೆ. ಅದು ತನ್ನ ಪಾಲನ್ನು ಹೇಗೆ ನಡೆಯಿಸುತ್ತಿದೆ? ಬಡವರ ಮಕ್ಕಳು ಹೊರದೇಶದಲ್ಲಿ ಓದಲೆಂದು ಕೇಂದ್ರ ಸರಕಾರವು ಸ್ವಾತಂತ್ರ್ಯದ ಮೊದಲ ದಶಕದಿಂದಲೂ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವನ್ನು ಕೊಡುತ್ತ ಬಂದಿದೆ. ಸಾಮಾಜಿಕ ನ್ಯಾಯ ಖಾತೆಯ ಆ ಯೋಜನೆಯಲ್ಲಿ ವರ್ಷಕ್ಕೆ 125 ಸ್ಥಾನಗಳು. ಪರಿಶಿಷ್ಟ ಜಾತಿಯವರಿಗೆ 115, ಅಲೆಮಾರಿ ಜನಾಂಗಗಳಿಗೆ 6, ಭೂಮಿಯಿಲ್ಲದ ಕೃಷಿ ಕೂಲಿಗಳು ಮತ್ತು ಪರಂಪರೆಯ ಕುಶಲಕರ್ಮಿಗಳು ಇಬ್ಬರಿಗೂ ಕೂಡಿ 4. ಕಾಶ್ಮೀರದಿಂದ ಕನ್ಯಾಕುಮಾರಿಯ ವರೆಗಿನ ಎಲ್ಲ ಕುಶಲಕರ್ಮಿಗಳ, ಕೂಲಿಗಳ ಮಕ್ಕಳಿಗೆ ನಾಲ್ಕು ಸ್ಥಾನ! ಅರ್ಜಿದಾರನಿಗೆ ಶೇಕಡಾ 60 ಅಂಕಗಳಿರಬೇಕು, ಮನೆಯ ಆದಾಯವು 8 ಲಕ್ಷದೊಳಗಿರಬೇಕು, ಪ್ರಗತಿಯ ವರದಿ ಕೊಡಬೇಕು, ಮುಚ್ಚಳಿಕೆ ಬರೆದುಕೊಡಬೇಕು. ಇಷ್ಟೆಲ್ಲ ಸರಿ. ಆದರೆ 2025ರಲ್ಲಿ ಆಯ್ಕೆಯಾದ 106 ಜನರಲ್ಲಿ ಮೊದಲಿಗೆ ಮಂಜೂರಿ ಪತ್ರವು ದೊರೆತದ್ದು 40 ಜನರಿಗೆ ಮಾತ್ರ. ಉಳಿದವರಿಗೆ ‘ಹಣ ಒದಗಿದರೆ ಕೊಡಲಾಗುವುದು’ ಎಂಬ ಉತ್ತರ. ವಿಶ್ವವಿದ್ಯಾಲಯದಲ್ಲಿ ಸ್ಥಾನ ಸಂಪಾದಿಸಿ, ದಿನ ಗೊತ್ತಾಗಿ, ಹೊರಡಲು ಸಿದ್ಧರಾಗಿ ನಿಂತವರಿಗೆ ಈ ಮಾತು! ಅಲ್ಪಸಂಖ್ಯಾತ ವರ್ಗಗಳ ವಿದ್ಯಾರ್ಥಿಗಳ ಪರದೇಶ ಸಾಲದ ಬಡ್ಡಿಯನ್ನು ಭರಿಸುತ್ತಿದ್ದ ‘ಪಢೋ ಪರದೇಶ’ ಯೋಜನೆಯನ್ನಂತೂ 2022-23ರಿಂದ ನಿಲ್ಲಿಸಿಯೇ ಬಿಟ್ಟರು. ನಡುವೆ ಓದು ಬಿಟ್ಟವನಿಗೆ ಬಡ್ಡಿಯ ನೆರವಿಲ್ಲವೆಂದು ಆ ಯೋಜನೆಯಲ್ಲಿ ಕರಾರು ಇತ್ತು. ನಡುವೆ ಯೋಜನೆಯನ್ನೇ ಬಿಟ್ಟ ಸರಕಾರಕ್ಕೆ ಯಾವ ಕರಾರೂ ಇರಲಿಲ್ಲ. ಕರಾರೆಂದರೆ ಎರಡು ಕೈಗಳ ಸಹಿ. ವಿದ್ಯಾರ್ಥಿಯಿಂದ ಪ್ರಗತಿಯನ್ನು ಕೇಳುವವರು ತಮ್ಮ ಕಂತುಗಳ ಪ್ರಗತಿಯನ್ನೂ ತೋರಿಸಲಿ.

ತಡೆದ ಕಂತಿನಿಂದ ಯಾರಿಗೆ ಲಾಭ? ಇದನ್ನು ಬ್ಯಾಂಕಿನವರು ಶಾಂತಚಿತ್ತದಿಂದ ವಿಚಾರಿಸಬೇಕು. ನಾಲ್ಕು ಸೆಮಿಸ್ಟರುಗಳಲ್ಲಿ ಮೂರನ್ನು ಮುಗಿಸಿದವನಿಗೆ ನಾಲ್ಕನೆಯ ಕಂತನ್ನು ನಿಲ್ಲಿಸಿದರೆ, ಕೊಟ್ಟ ಮುಕ್ಕಾಲು ಪಾಲು ಹಣವು ಪದವಿಯಿಲ್ಲದ ಸಾಲಗಾರನ ಕೈಯಲ್ಲಿ ಸಿಕ್ಕಿಬಿಡುತ್ತದೆ. ಪದವಿಯಿಲ್ಲದವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಂದ ವಸೂಲಿಯಿಲ್ಲ. ಶುಲ್ಕ ಕಟ್ಟದವನ ಹೆಸರನ್ನು ವಿದ್ಯಾಲಯವು ತೆಗೆಯುತ್ತದೆ. ಹೆಸರು ಹೋದರೆ ಆ ದೇಶದಲ್ಲಿ ಇರುವ ಪರವಾನಿಗೆಯೂ ಹೋಗುತ್ತದೆ. ತೊಂಬತ್ತು ದಿನ ಕಂತು ಬಾರದಿದ್ದರೆ ಸಾಲವನ್ನು ಕೆಟ್ಟ ಸಾಲವೆಂದು ಬರೆಯಬೇಕಾಗುತ್ತದೆ. ಕೊನೆಗೆ ಬನಹಟ್ಟಿಯ ಮಗ್ಗದ ಮನೆಯ ಬಾಗಿಲಿಗೆ ನೋಟೀಸು. ಬಾವಿಯನ್ನು ನೀರು ಕಾಣುವ ಒಂದು ಮೊಳದ ಮುಂಚೆ ತೋಡುವುದನ್ನು ನಿಲ್ಲಿಸುವ ರೈತನನ್ನು ನಾವು ಜಾಣನೆನ್ನುವುದಿಲ್ಲ.

ತಡವಾಗುವುದೆಲ್ಲ ಸೋಮಾರಿತನದಿಂದಲ್ಲ ಎಂಬುದಕ್ಕೆ ಬಹಳ ಹಿಂದಕ್ಕೆ ಹೋಗಬೇಕಾಗಿಲ್ಲ. 2022ರ ಮಾರ್ಚ್ 1ರಂದು ಯುಕ್ರೇನದ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯ ವಿದ್ಯಾರ್ಥಿಯೊಬ್ಬನು ಗುಂಡಿನ ದಾಳಿಯಲ್ಲಿ ಮಡಿದನು. ಆ ಯುದ್ಧದಿಂದ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಪುಸ್ತಕ-ಪೆಟ್ಟಿಗೆಗಳನ್ನು ಬಿಟ್ಟು ಓಡಿ ಬಂದರು. ಅವರ ಪ್ರಗತಿಯು ನಿಂತಿತು. ಸಾಲದ ಬಡ್ಡಿಯು ನಿಲ್ಲಲಿಲ್ಲ. ಅದಕ್ಕೂ ಮೊದಲು 2020ರ ಮಹಾಮಾರಿಯಲ್ಲಿ ಇದೇ ಅವಸ್ಥೆ. ವೈದ್ಯವಿದ್ಯೆಯ ವಿಷಯದಲ್ಲಿ ಪೋಷಕರಿಗೆ ಇನ್ನೊಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. 2021ರ ನಿಯಮಗಳ ಮೇರೆಗೆ ಪರದೇಶದ ವೈದ್ಯ ವ್ಯಾಸಂಗವು 54 ತಿಂಗಳಿಗೆ ಕಡಿಮೆಯಿರಕೂಡದು. ಅದೇ ಸಂಸ್ಥೆಯಲ್ಲಿ ಹನ್ನೆರಡು ತಿಂಗಳ ಅನುಭವಶಿಕ್ಷಣವಾಗಿರಬೇಕು. ಎಲ್ಲವೂ ಹತ್ತು ವರ್ಷದೊಳಗೆ ಮುಗಿಯಬೇಕು. ಮರಳಿ ಬಂದ ಮೇಲೆ 300 ಅಂಕಗಳ ಪರೀಕ್ಷೆಯಲ್ಲಿ 150 ಪಡೆಯದೆ ಇಲ್ಲಿ ವೈದ್ಯ ವೃತ್ತಿ ಮಾಡುವಂತಿಲ್ಲ. ಈ ಪರೀಕ್ಷೆಯಲ್ಲಿ ಹಲವು ಸಲ ನಾಲ್ವರಲ್ಲಿ ಒಬ್ಬನೂ ಪಾಸಾಗಿಲ್ಲ. ಅಲ್ಲಿಯ ಅಂಕಪಟ್ಟಿಯು ವರ್ಷ ವರ್ಷವೂ ‘ಉತ್ತೀರ್ಣ’ ಎಂದು ಹೇಳಿ, ಬ್ಯಾಂಕು ಅದನ್ನು ನಂಬಿ ಎಲ್ಲ ಕಂತುಗಳನ್ನು ಕೊಟ್ಟು, ಕಡೆಗೆ ಹುಡುಗನು ಇಲ್ಲಿಯ ಹೊಸ್ತಿಲಲ್ಲಿ ಬಿದ್ದರೆ ಆ ಪ್ರಗತಿಯ ವರದಿಗೆ ಏನು ಬೆಲೆ? ಇಂಥ ವಿದ್ಯಾಲಯಗಳಿಗೆ ಹುಡುಗರನ್ನು ಕಳಿಸಿ ತಲೆಗೆ ಇಷ್ಟೆಂದು ದಲಾಲಿ ಪಡೆಯುವ ಏಜಂಟರು ಊರೂರಿಗೆ ಫಲಕ ಹಾಕಿಕೊಂಡು ಕುಳಿತಿದ್ದಾರೆ. ದಲಾಲಿ ತಿನ್ನುವವನು ವಿದ್ಯಾಲಯದ ದೋಷವನ್ನು ಹೇಳುವನೇ?

ಇಲ್ಲಿ ಒಂದು ಮಾತನ್ನು ನಮ್ಮ ಶಿಕ್ಷಕ ಬಂಧುಗಳಿಗೆ ಹೇಳದೆ ಇರಲಾರೆವು. ಹುಡುಗನ ಶಕ್ತಿಯನ್ನು ಬಲ್ಲವರು ಏಜಂಟರಲ್ಲ, ನೀವು. ಹತ್ತನೆಯ ಇಯತ್ತೆಯಿಂದ ಪದವಿಯ ವರೆಗೆ ಅವನ ಓದನ್ನು ಕಂಡವರು ನೀವು. ತಂದೆಯು ಒತ್ತೆಯ ಕಾಗದಕ್ಕೆ ಸಹಿ ಮಾಡುವ ಮೊದಲು ನಿಮ್ಮ ಬಳಿಗೆ ಬರುವಂತಾಗಬೇಕು. ಬಂದಾಗ ನೀವು ಭಿಡೆ ಬಿಟ್ಟು ಮಾತಾಡಬೇಕು. ‘ಹುಡುಗ ಜಾಣ, ಆದರೆ ಇಂಗ್ಲೀಷಿನಲ್ಲಿ ಪಾಠ ಕೇಳಿ ಬರೆಯುವ ರೂಢಿ ಇನ್ನೂ ಒಂದು ವರ್ಷ ಬೇಕು’ ಎಂದು ಹೇಳುವುದು ಅವನ ಅಪಮಾನವಲ್ಲ. ಕನ್ನಡ ಮಾಧ್ಯಮದ ಹುಡುಗರು ಪರದೇಶದಲ್ಲಿ ಮೊದಲ ಆರು ತಿಂಗಳು ತಡವರಿಸುವುದು ಬುದ್ಧಿಯ ಕೊರತೆಯಿಂದಲ್ಲ, ರೂಢಿಯ ಕೊರತೆಯಿಂದ. ಅದು ತುಂಬಿ ಬರತಕ್ಕ ಕೊರತೆ. ಪ್ರಗತಿಯನ್ನು ಮೊದಲನೆಯ ಸೆಮಿಸ್ಟರಿನಿಂದಲೇ ಕಠಿಣವಾಗಿ ಅಳೆಯುವ ನಿಯಮವು ಇಂಥ ಹುಡುಗರ ಮೇಲೆಯೇ ಮೊದಲು ಬೀಳುತ್ತದೆ, ನಗರದ ಇಂಗ್ಲೀಷ ಶಾಲೆಯಲ್ಲಿ ಬೆಳೆದವನ ಮೇಲೆ ಬೀಳುವುದಿಲ್ಲ. ಸಮಾನ ನಿಯಮವು ಹೀಗೆ ಅಸಮಾನ ಫಲವನ್ನು ಕೊಡುತ್ತದೆ. ಮೊದಲ ವರ್ಷದ ಮಟ್ಟಿಗೆ ಎಚ್ಚರಿಕೆಯೇ ಹೊರತು ಕಂತಿನ ತಡೆ ಇರಕೂಡದೆಂದು ನಾವು ಕೇಳುವುದು ಅದಕ್ಕಾಗಿ.

ಕರ್ನಾಟಕ ಸರಕಾರದ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ನಿಗಮ ಮುಂತಾದವು ‘ಅರಿವು’ ಎಂಬ ಹೆಸರಿನಲ್ಲಿ ವಿದ್ಯಾಸಾಲವನ್ನು ಕೊಡುತ್ತವೆ. ಹೆಸರು ಚೆನ್ನಾಗಿದೆ. ಆದರೆ ಒಂದೊಂದು ವರ್ಗಕ್ಕೆ ಒಂದೊಂದು ನಿಗಮ, ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಕರಾರು. ಹಳೆಯ ಸಂಸ್ಥಾನಗಳ ಗಡಿಗಳನ್ನು ಅಳಿಸಿದ ನಾವು ಕಚೇರಿಗಳೊಳಗೆ ಹೊಸ ಸಂಸ್ಥಾನಗಳನ್ನು ಕಟ್ಟಿಕೊಂಡಂತಾಯಿತು. ಹಣವು ಬೇರೆ ಬೇರೆ ಬಾಬಿನಿಂದ ಬರಲಿ. ಪ್ರಗತಿಯ ನಿಯಮವಾದರೂ ಎಲ್ಲ ಕನ್ನಡ ವಿದ್ಯಾರ್ಥಿಗಳಿಗೆ ಒಂದೇ ಆಗಿರಬಾರದೆ? ಇದಕ್ಕಿಂತ ನೋವಿನ ಮಾತು ಗಡಿಯಾಚೆಯ ನಮ್ಮವರದು. ಜಮಖಂಡಿಯಿಂದ ಬಹಳ ದೂರವಿಲ್ಲದ ಜತ್ತ ತಾಲೂಕಿನ ಹಳ್ಳಿಗಳಲ್ಲಿ, ಅಕ್ಕಲಕೋಟೆಯಲ್ಲಿ, ದಕ್ಷಿಣ ಸೊಲ್ಲಾಪುರದಲ್ಲಿ, ಅತ್ತ ಕಾಸರಗೋಡಿನಲ್ಲಿ ಕನ್ನಡ ಶಾಲೆಯಲ್ಲಿಯೇ ಓದಿ ಬೆಳೆದ ಮಕ್ಕಳಿದ್ದಾರೆ. 1967ರಲ್ಲಿ ಮಹಾಜನ ಆಯೋಗವು ಈ ಪ್ರದೇಶಗಳ ಕನ್ನಡ ಭಾಗಗಳು ನಮಗೆ ಸೇರತಕ್ಕವೆಂದು ವರದಿ ಕೊಟ್ಟಿತು, ಅದು ಕಾರ್ಯಗತವಾಗಲಿಲ್ಲ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡು, ಹೊರನಾಡು ಕನ್ನಡಿಗರೆಂದು ನಮ್ಮ ಸರಕಾರವು ಇವರನ್ನು ಗುರುತಿಸುತ್ತದೆ. ಸಾಲ ಕೊಡುವಾಗ ಮಾತ್ರ ಕರ್ನಾಟಕದ ಕಾಯಂ ನಿವಾಸಿಯಾಗಿರಬೇಕೆಂಬ ಕರಾರು ಮುಂದೆ ಬರುತ್ತದೆ. ಪ್ರವೇಶಕ್ಕೆ ಕನ್ನಡಿಗನಾದವನು ಸಾಲಕ್ಕೆ ಹೇಗೆ ಪರಕೀಯನಾದನು?

ನಾವು ಸರಕಾರದ ಮುಂದೆಯೂ ಬ್ಯಾಂಕುಗಳ ಮುಂದೆಯೂ ಇಡುವ ಬೇಡಿಕೆಗಳು ಆಕಾಶದ ಹಣ್ಣುಗಳಲ್ಲ. ಸಾಲದ ಕರಾರುಗಳ ಕನ್ನಡ ಪ್ರತಿಯನ್ನು ಸಹಿ ಮಾಡುವ ಮುಂಚೆ ತಂದೆತಾಯಿಗಳ ಕೈಯಲ್ಲಿ ಕೊಟ್ಟು ಓದಿ ಹೇಳಬೇಕು. ಪ್ರಗತಿಯೆಂದರೆ ಎಷ್ಟು ಎಂಬುದನ್ನು ಆಯಾ ವಿದ್ಯಾಲಯದ ಸ್ವಂತ ನಿಯಮದ ಮೇಲಿಂದ ಅಂಕಿಗಳಲ್ಲಿ ಬರೆಯಬೇಕು. ವಿದ್ಯಾಲಯವು ಯಾರನ್ನು ಮುಂದಿನ ತರಗತಿಗೆ ಒಪ್ಪಿಕೊಂಡಿದೆಯೋ ಅವನ ಕಂತನ್ನು ಬ್ಯಾಂಕು ತಡೆಯಕೂಡದು. ವರದಿಯ ಒಂದು ಪ್ರತಿಯು ಸಹಸಾಲಗಾರನಿಗೆ ಕನ್ನಡ ಸಾರಾಂಶದೊಡನೆ ತಲುಪಬೇಕು; ಇದಕ್ಕೆ ಒಪ್ಪಿಗೆಯನ್ನು ವಿದ್ಯಾರ್ಥಿಯಿಂದ ಸಾಲದ ದಿನವೇ ಬರೆಸಿಕೊಳ್ಳುವುದು ಕಷ್ಟವಲ್ಲ. ಬೇನೆ, ಮರಣ, ಯುದ್ಧ, ಮಹಾಮಾರಿಗಳಲ್ಲಿ ಅವಧಿಯ ವಿಸ್ತರಣೆಯು ಅಧಿಕಾರಿಯ ದಯೆಯಾಗಿರದೆ ವಿದ್ಯಾರ್ಥಿಯ ಹಕ್ಕಾಗಿರಬೇಕು. ಕಂತನ್ನು ತಡೆಯುವ ಮೊದಲು ಅವನ ಮಾತನ್ನು ಕೇಳಿ ಲಿಖಿತ ಕಾರಣವನ್ನು ಕೊಡಬೇಕು. ಇಷ್ಟಾದ ಮೇಲೆಯೂ ಓದದೆ ಅಲೆದಾಡುವವನ ಕಂತನ್ನು ನಿಲ್ಲಿಸಿದರೆ ಅವನ ಪರವಾಗಿ ನಮ್ಮ ಪತ್ರಿಕೆಯು ಒಂದು ಅಕ್ಷರವನ್ನೂ ಬರೆಯುವುದಿಲ್ಲ.

ಬಾಗಲಕೋಟೆ ಜಿಲ್ಲೆಯ ಬ್ಯಾಂಕುಗಳ ಅಧಿಕಾರಿಗಳು ಜಿಲ್ಲಾ ಸಮಿತಿಯಲ್ಲಿ ಮೂರು ತಿಂಗಳಿಗೊಮ್ಮೆ ಕೂಡುತ್ತಾರೆ. ಬೆಳೆಸಾಲದ ಲೆಕ್ಕವನ್ನು ಅಲ್ಲಿ ಓದುವಂತೆ, ಪರದೇಶ ವ್ಯಾಸಂಗದ ಸಾಲಗಳಲ್ಲಿ ಎಷ್ಟು ಕಂತುಗಳು ತಡೆಯಲ್ಪಟ್ಟಿವೆ, ಯಾವ ಕಾರಣಕ್ಕೆ, ಎಷ್ಟು ಮನೆಗಳಿಗೆ ನೋಟೀಸು ಹೋಗಿದೆ ಎಂಬುದನ್ನೂ ಓದಲಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಮ್ಮ ವಿಧಾನಸಭೆಯ ಸದಸ್ಯರು ಈ ಲೆಕ್ಕವನ್ನು ಕೇಳಿ ತರಿಸಿಕೊಂಡು ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ ಪ್ರಶ್ನೆಯನ್ನು ಹಾಕಲಿ. ಆ ಪ್ರಶ್ನೆಯನ್ನೂ ಅದಕ್ಕೆ ಮಂತ್ರಿಗಳು ಕೊಡುವ ಉತ್ತರವನ್ನೂ ನಮ್ಮ ಅಂಕಣಗಳಲ್ಲಿ ಪೂರ್ತಿಯಾಗಿ ಅಚ್ಚು ಹಾಕಲು ನಾವು ಸಿದ್ಧರಿದ್ದೇವೆ.